ಕಟ್ಟಡಕ್ಕೆ ಕಾಸುಂಟು, ಮೇಷ್ಟ್ರ ಸಂಬಳಕ್ಕೆ?

ಮೆಲ್ಬರ್ನಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಒಂದು ಶನಿವಾರ ಈರುಳ್ಳಿ ಹೆಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಮನೆಯ ಅಡುಗೆಗಲ್ಲ, ಬನ್ನಿಂಗ್ಸ್ ಎಂಬ ಹಾರ್ಡ್‌ವೇರ್ ಅಂಗಡಿಯ ಬಾಗಿಲ ಮುಂದೆ, ಒಂದು ಸಣ್ಣ ಶಾಮಿಯಾನದ ಕೆಳಗೆ. ಆ ದೇಶದಲ್ಲಿ ಇದು ವಾರದ ಸಂತೆಯಷ್ಟೇ ಮಾಮೂಲು. ಅಂಗಡಿಯವರು ಜಾಗ ಕೊಡುತ್ತಾರೆ, ಊರಿನ ಯಾವುದಾದರೊಂದು ಸಂಘದವರು ಒಲೆ ಹಚ್ಚಿ ಸಾಸೇಜು ಸುಟ್ಟು ಬ್ರೆಡ್ಡಿನಲ್ಲಿ ಸುತ್ತಿ ಮಾರುತ್ತಾರೆ, ಬಂದ ದುಡ್ಡು ಸಂಘದ ಕೆಲಸಕ್ಕೆ. 2022ರ ಜುಲೈವರೆಗೆ ಒಂದಕ್ಕೆ ಎರಡೂವರೆ ಡಾಲರ್, ಆಮೇಲೆ ಮೂರೂವರೆ. ಈರುಳ್ಳಿ ಸಾಸೇಜಿನ ಮೇಲಿರದೆ ಕೆಳಗಿರಬೇಕು, ಉದುರಿದರೆ ಗಿರಾಕಿಗಳು ಜಾರಿ ಬೀಳುತ್ತಾರೆ ಎಂದು 2018ರಲ್ಲಿ ಅಂಗಡಿಯವರು ಸೂಚನೆ ಹೊರಡಿಸಿದಾಗ ಪತ್ರಿಕೆ, ಟಿವಿಗಳಲ್ಲೆಲ್ಲ ಅದೇ ಸುದ್ದಿಯಾಗಿತ್ತು. ನನ್ನಂಥ ಸಸ್ಯಾಹಾರಿಗೆ ಆ ಶಾಮಿಯಾನದಲ್ಲಿ ಈರುಳ್ಳಿ ಬಿಟ್ಟು ಬೇರೆ ಖಾತೆ ಇರಲಿಲ್ಲ.

ಆ ಶನಿವಾರದ ಸಂಘ ಪೂರ್ವ ಆಫ್ರಿಕದ ಒಂದು ಬಡಮಕ್ಕಳ ಶಾಲೆಗೆ ದುಡ್ಡು ಕೂಡಿಸುತ್ತಿತ್ತು. ಮೇಜಿನ ಮೇಲೆ ತಗಡಿನ ಡಬ್ಬಿ. ಅದರ ಮೇಲೆ ಅಂಟಿಸಿದ್ದ ಫೋಟೋದಲ್ಲಿ ನೀಲಿ ಸ್ವೆಟರಿನ ಒಬ್ಬ ಹುಡುಗಿ, ಪಕ್ಕದಲ್ಲಿ ಕೈಬರಹದ ರಟ್ಟು: ವಿಜ್ಞಾನ ಪ್ರಯೋಗಾಲಯಕ್ಕಾಗಿ. ಸಾಸೇಜಿಗೆ ಐದು ಡಾಲರಿನ ನೋಟು ಕೊಟ್ಟವರು ಚಿಲ್ಲರೆಯನ್ನು ಡಬ್ಬಿಗೇ ಹಾಕಿ ಹೋಗುತ್ತಿದ್ದರು. ಲೆಕ್ಕ ನೋಡಿಕೊಳ್ಳುತ್ತಿದ್ದವರು ನಿವೃತ್ತ ಗಣಿತದ ಮೇಡಂ. ಪ್ರಯೋಗಾಲಯ ಅಷ್ಟು ಅಗತ್ಯವೇ ಎಂದು ನಾನು ಕೇಳಿದಾಗ ಅವರು ಇಕ್ಕಳ ಕೆಳಗಿಟ್ಟು ನಕ್ಕರು. "ಹೋದ ವರ್ಷ ಶಿಕ್ಷಕರ ಸಂಬಳಕ್ಕಾಗಿ ಅಂತ ಬರೆದಿದ್ದೆವು. ಡಬ್ಬಿ ಅರ್ಧವೂ ತುಂಬಲಿಲ್ಲ."

ಆ ಮಾತು ನನ್ನನ್ನು ಬಿಡಲಿಲ್ಲ. ಅದರ ಬಾಲ ಹಿಡಿದು ಹೋದಾಗ ಓದಿದ್ದು, ವಿಚಾರಿಸಿದ್ದು ಈ ಬರಹ.

ಹೀಗೆ ಊರವರಿಂದ ದುಡ್ಡು ಕೂಡಿಸುವುದಕ್ಕೆ ನಮ್ಮಲ್ಲಿ ಜೋಳಿಗೆ ಎನ್ನುತ್ತೇವೆ. ಮಠದ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಹಾಸ್ಟೆಲು ಕಟ್ಟಿದರು. ಹೆಂಗಸರು ಒಲೆಯ ಮೇಲೆ ಅನ್ನಕ್ಕಿಡುವ ಮೊದಲು ಒಂದು ಮುಷ್ಟಿ ಅಕ್ಕಿಯನ್ನು ಬೇರೆ ಮಡಕೆಗೆ ಹಾಕಿ ಶಾಲೆಗೆ ಕೊಟ್ಟರು. ವಾರಾನ್ನದ ಹುಡುಗರು ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಉಂಡು ಓದಿ ವಕೀಲರಾದರು, ಅಮಲ್ದಾರರಾದರು. ಅಲ್ಲಿ ಕೊಡುವವರಿಗೆ ಪಡೆಯುವವನ ಮುಖ ಕಾಣುತ್ತಿತ್ತು. ಜಾತಿಯೂ ಕಾಣುತ್ತಿತ್ತು ಎಂಬುದನ್ನು ಮರೆಯಬಾರದು. ವಾರಾನ್ನದ ಮನೆಯಲ್ಲಿ ಎಲ್ಲ ಹುಡುಗರಿಗೂ ಎಲೆ ಹಾಕುತ್ತಿರಲಿಲ್ಲ. ಹಾಗಿದ್ದರೂ ಹುಡುಗ ಪಾಸಾದನೋ ಫೇಲಾದನೋ, ಊಟಕ್ಕೆ ಬಂದನೋ ಇಲ್ಲವೋ ಅಡುಗೆಮನೆಗೆ ಗೊತ್ತಾಗುತ್ತಿತ್ತು. ಜೋಳಿಗೆ ಒಂದು ಖಂಡದಲ್ಲಿ, ಶಾಲೆ ಇನ್ನೊಂದು ಖಂಡದಲ್ಲಿ ಇದ್ದರೆ ಈ ಲೆಕ್ಕವನ್ನು ಯಾರು ಇಡುತ್ತಾರೆ?

ಈ ಬಗೆಯ ಶಾಲೆಗಳಲ್ಲಿ ಇವತ್ತು ತೀರ ಹೆಸರಾಗಿರುವುದು ಟಾಂಜಾನಿಯಾದ ಅರೂಷಾ ಪಟ್ಟಣದ ಅಂಚಿನಲ್ಲಿದೆ. ಮೇರು ಪರ್ವತದ ಬುಡದ ಊರು ಅದು. ಹೌದು, ಅಲ್ಲಿಯೂ ಒಂದು ಮೇರು ಇದೆ. ಸೆರೆಂಗೆಟಿಯ ಸಿಂಹ ನೋಡಲು ಹೋಗುವವರಲ್ಲಿ ಬಹಳಷ್ಟು ಜನ ಈ ಊರಿನ ಮೂಲಕವೇ ಹಾಯುತ್ತಾರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸಿನ ಗೈರಾ ಎಂಬಲ್ಲಿ ಕುರಿ ಸಾಕುವ ಮನೆಯಲ್ಲಿ ಏಳು ಗಂಡುಮಕ್ಕಳ ನಡುವೆ ಒಬ್ಬಳೇ ಹೆಣ್ಣಾಗಿ ಬೆಳೆದ ಜೆಮ್ಮಾ ಎಂಬಾಕೆ, ಇಪ್ಪತ್ತೆರಡರ ವಯಸ್ಸಿನಲ್ಲಿ ಪಾಠ ಹೇಳಲು ಉಗಾಂಡಾಕ್ಕೆ ಹೋದರು. ಮುಂದೆ ಟಾಂಜಾನಿಯಾದ ಸಫಾರಿ ಚಾಲಕ ರಿಚರ್ಡ್ ಸಿಸಿಯಾ ಅವರನ್ನು ಮದುವೆಯಾದರು. ಬಡಮಕ್ಕಳಿಗೊಂದು ಒಳ್ಳೆಯ ಶಾಲೆ ಬೇಕೆಂಬ ಸೊಸೆಯ ಹಟಕ್ಕೆ ಮಾವ ಮೊಶೋನೋ ಗ್ರಾಮದಲ್ಲಿ ತುಂಡು ಭೂಮಿ ಕೊಟ್ಟರು. ಮೊದಲ ದೇಣಿಗೆ ಸ್ನೇಹಿತರೊಬ್ಬರು ಕೊಟ್ಟ ಹತ್ತು ಡಾಲರ್. ಜೆಮ್ಮಾ ಅವರ ತವರಿನ ಹತ್ತಿರದ ಆರ್ಮಿಡೇಲ್ ಊರಿನ ರೋಟರಿಯವರು ಹಣದ ವ್ಯವಸ್ಥೆಯ ಹೊಣೆ ಹೊತ್ತರು. ಹೊತ್ತು ಸುಮ್ಮನಿರದೆ, ಕರಣೆ ಹಿಡಿದು ಅರೂಷಾಕ್ಕೇ ಹೋಗಿ ಮೊದಲ ಕೋಣೆಗಳ ಗೋಡೆ ಎಬ್ಬಿಸಿದರು. 2002ರ ಜನವರಿಯಲ್ಲಿ ಬಾಗಿಲು ತೆರೆದಾಗ ಇದ್ದವರು ಮೂರು ಮಕ್ಕಳು, ಒಬ್ಬ ಶಿಕ್ಷಕಿ. ಹೆಸರು ಸಂತ ಜೂಡನದು. ಕ್ಯಾಥೊಲಿಕರಲ್ಲಿ ಈತ ಕೈಮೀರಿದ ಕೆಲಸಗಳನ್ನು ನೋಡಿಕೊಳ್ಳುವ ಸಂತ. ಹೆಸರಿಟ್ಟವರಿಗೆ ತಮಾಷೆಯ ಪ್ರಜ್ಞೆ ಇತ್ತೆನ್ನಬೇಕು.

ಇವತ್ತು ಅಲ್ಲಿ ಸುಮಾರು 1,800 ಮಕ್ಕಳು ಓದುತ್ತಿದ್ದಾರೆ. ಪ್ರಾಥಮಿಕ ಶಾಲೆ ಮೊಶೋನೋದಲ್ಲಿ, ಪ್ರೌಢಶಾಲೆ ಊಸಾ ರಿವರ್ ಎಂಬಲ್ಲಿ, ಆಮೇಲೆ ಹೆಣ್ಣುಮಕ್ಕಳಿಗೆಂದೇ ಇನ್ನೊಂದು. ಪಾಠ, ಪುಸ್ತಕ, ಸಮವಸ್ತ್ರ, ಊಟ, ದೊಡ್ಡ ಮಕ್ಕಳಿಗೆ ವಸತಿ, ಎಲ್ಲ ಉಚಿತ. ದುಡ್ಡಿನ ದೊಡ್ಡ ಪಾಲು ಆಸ್ಟ್ರೇಲಿಯಾದಿಂದ ಬರುತ್ತದೆ: ರೋಟರಿ ಊಟಕೂಟ, ಶಾಲಾಮಕ್ಕಳ ಓಟ, ಬೆಳಗಿನ ಚಹಾಕೂಟ, ತಿಂಗಳು ತಿಂಗಳು ಬ್ಯಾಂಕಿನಿಂದ ತಾನಾಗಿ ಹೋಗುವ ಸಣ್ಣ ಮೊತ್ತಗಳು. ಸರ್ಕಾರಿ ಯೋಜನೆಯ ಬಲವಿಲ್ಲದೆ, ಒಬ್ಬನೇ ಕುಬೇರನನ್ನು ನೆಚ್ಚಿಕೊಳ್ಳದೆ ಇಷ್ಟು ದೊಡ್ಡ ಶಾಲೆಯನ್ನು ಎರಡು ದಶಕ ನಡೆಸುವುದು ಸಣ್ಣ ಮಾತಲ್ಲ. ಕುಬೇರರ ದಾರಿಯೂ ಉಂಟು. ಓಪ್ರಾ ವಿನ್‌ಫ್ರೇ 2007ರಲ್ಲಿ ದಕ್ಷಿಣ ಆಫ್ರಿಕದಲ್ಲಿ 4 ಕೋಟಿ ಡಾಲರ್ ಸುರಿದು ಹೆಣ್ಣುಮಕ್ಕಳ ವಸತಿಶಾಲೆ ತೆರೆದರು. ಅಂಥ ಶಾಲೆಗೆ ಡಬ್ಬಿಯ ಚಿಂತೆಯಿಲ್ಲ. ನಮ್ಮ ಪ್ರಶ್ನೆ ಇರುವುದು ಡಬ್ಬಿಯನ್ನೇ ನಂಬಿದ ಶಾಲೆಗಳದು.

ಡಬ್ಬಿಗೆ ಒಂದು ವಿಚಿತ್ರ ರುಚಿ ಇದೆ. ಅದಕ್ಕೆ ಮುಖ ಬೇಕು, ಇಲ್ಲವೇ ಗೋಡೆ ಬೇಕು. ಮಗುವಿನ ಫೋಟೋ ಇದ್ದರೆ ತುಂಬುತ್ತದೆ. ಹೆಸರು ಕೆತ್ತಿದ ಕಲ್ಲು ಕೂರಿಸಲು ಜಾಗವಿದ್ದರೆ ತುಂಬುತ್ತದೆ. ಇವೆರಡರ ನಡುವೆ ನಿಂತು ದಿನಕ್ಕೆ ಏಳು ಪೀರಿಯಡ್ ಪಾಠ ಮಾಡುವವರ ಸಂಬಳಕ್ಕೆ ತುಂಬುವುದಿಲ್ಲ. ಆದರೆ ಶಾಲೆ ಎಂದರೆ ಮುಖ್ಯವಾಗಿ ಸಂಬಳವೇ. ನಡೆಯುವ ಯಾವ ಶಾಲೆಯ ವಾರ್ಷಿಕ ಲೆಕ್ಕ ತೆರೆದರೂ ದೊಡ್ಡ ಬಾಬ್ತು ಅದೇ. ಕಟ್ಟಡ ಒಂದು ಸಲದ ಖರ್ಚು, ಸಂಬಳ ಪ್ರತಿ ತಿಂಗಳಿನದು. ಸಂಘಗಳ ಉತ್ಸಾಹ ಒಂದು ಸಲದ್ದು, ಹಸಿವು ಪ್ರತಿದಿನದ್ದು ಎನ್ನುವ ಹಾಗೆ. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಬನ್ನಿಂಗ್ಸಿನ ಬಾಗಿಲ ಒಲೆಗಳೆಲ್ಲ ಒಂದೇ ವಾರದಲ್ಲಿ ಆರಿದವು. ಅರೂಷಾದಲ್ಲೂ ಶಾಲೆಗಳು ಮುಚ್ಚಿದವು. ಮೇಷ್ಟ್ರುಗಳ ಮನೆಯ ಒಲೆಯನ್ನು ಮಾತ್ರ ಆರಿಸಿ ಕೂರುವಂತಿರಲಿಲ್ಲ.

ಮುಖ ತೋರಿಸಿ ದುಡ್ಡು ಕೂಡಿಸುವ ಉಪಾಯಕ್ಕೆ ನೂರು ವರ್ಷ ಮೀರಿದೆ. ಮೊದಲ ಮಹಾಯುದ್ಧ ಮುಗಿದು ಯುರೋಪಿನ ಮಕ್ಕಳು ಹಸಿದಾಗ, 1919ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸೇವ್ ದ ಚಿಲ್ಡ್ರನ್ ಸಂಸ್ಥೆ ಒಬ್ಬ ದಾನಿಗೆ ಒಂದು ಮಗು ಎಂಬ ಜೋಡಣೆಯನ್ನು ಬಳಸಿತು. 1937ರಲ್ಲಿ ಸ್ಪೇನಿನ ಅಂತರ್ಯುದ್ಧದ ಅನಾಥರಿಗಾಗಿ ಪತ್ರಕರ್ತ ಜಾನ್ ಲ್ಯಾಂಗ್ಡನ್-ಡೇವಿಸ್ ಕಟ್ಟಿದ ಕೂಟ ಮುಂದೆ ಪ್ಲ್ಯಾನ್ ಇಂಟರ್‌ನ್ಯಾಷನಲ್ ಆಯಿತು. ಕೊರಿಯಾ ಯುದ್ಧದ ಹೊತ್ತಿಗೆ ವರ್ಲ್ಡ್ ವಿಷನ್, ಕಂಪ್ಯಾಷನ್ ಬಂದವು. ತಿಂಗಳಿಗಿಷ್ಟು ಕೊಡಿ, ಮಗುವಿನಿಂದ ನಿಮಗೆ ಪತ್ರ ಬರುತ್ತದೆ, ಹಬ್ಬಕ್ಕೆ ಫೋಟೋ ಬರುತ್ತದೆ. ವಾರಾನ್ನದ ಅಡುಗೆಮನೆಯನ್ನು ಅಂಚೆಯಲ್ಲಿ ಕಳಿಸುವ ಪ್ರಯತ್ನ ಇದು ಎಂದು ನನಗೆ ಅನ್ನಿಸುತ್ತದೆ.

ಅಂಚೆ ಹಲವು ಸಲ ಸುಳ್ಳು ಹೇಳಿದೆ. 1990ರ ದಶಕದಲ್ಲಿ ಷಿಕಾಗೋ ಟ್ರಿಬ್ಯೂನ್ ಪತ್ರಿಕೆಯವರು ನಾಲ್ಕು ದೊಡ್ಡ ಸಂಸ್ಥೆಗಳ ಮೂಲಕ ಹನ್ನೆರಡು ಮಕ್ಕಳಿಗೆ ಪ್ರಾಯೋಜಕರಾಗಿ ಸೇರಿ, ಆಮೇಲೆ ಆ ಮಕ್ಕಳನ್ನು ಹುಡುಕಿಕೊಂಡು ಹೊರಟರು. ಮಾಲಿ ದೇಶದ ಒಬ್ಬ ಹುಡುಗಿ ಸಿಡಿಲು ಬಡಿದು ತೀರಿಕೊಂಡಿದ್ದಳು. ಅದು ತಿಳಿಯದೆ ಆಕೆಯ ಹೆಸರಿನಲ್ಲಿ ದುಡ್ಡು ಬಹುಕಾಲ ಹೋಗುತ್ತಲೇ ಇತ್ತು. 1998ರಲ್ಲಿ ಆ ವರದಿ ಅಚ್ಚಾದ ಮೇಲೆ ಸಂಸ್ಥೆಗಳು ಜಾಹೀರಾತಿನ ಭಾಷೆ ಬದಲಿಸಿದವು. ನಿಮ್ಮ ದುಡ್ಡು ಒಂದೇ ಮಗುವಿಗಲ್ಲ, ಆ ಮಗುವಿನ ಊರಿಗೆಲ್ಲ ಸೇರುತ್ತದೆ ಎಂಬ ಸಾಲು ಸಣ್ಣ ಅಕ್ಷರದಲ್ಲಿ ಸೇರಿತು. ಫೋಟೋ ಮಾತ್ರ ದೊಡ್ಡದಾಗಿಯೇ ಉಳಿಯಿತು.

ಇಷ್ಟಾದರೂ ಈ ಪದ್ಧತಿಯನ್ನು ಬರೀ ನಾಟಕ ಎಂದು ತಳ್ಳಿಹಾಕುವ ಹಾಗಿಲ್ಲ. ಅರ್ಥಶಾಸ್ತ್ರಜ್ಞರಾದ ಬ್ರೂಸ್ ವೈಡಿಕ್, ಪಾಲ್ ಗ್ಲೆವಿ ಮತ್ತು ಲೇನ್ ರಟ್ಲೆಜ್ 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಭಾರತವೂ ಸೇರಿ ಆರು ದೇಶಗಳಲ್ಲಿ, ಕಂಪ್ಯಾಷನ್ ಸಂಸ್ಥೆಯ ನೆರವು ಪಡೆದವರು, ಪಡೆಯದ ಅವರ ಅಣ್ಣತಮ್ಮಂದಿರು, ನೆರೆಯವರು ಎಲ್ಲ ಸೇರಿ 10,144 ಜನರ ಬದುಕನ್ನು ಅವರು ದೊಡ್ಡವರಾದ ಮೇಲೆ ತಾಳೆ ಹಾಕಿ ನೋಡಿದ್ದರು. ನೆರವು ಪಡೆದವರು ಸರಾಸರಿ ಒಂದರಿಂದ ಒಂದೂವರೆ ವರ್ಷದಷ್ಟು ಹೆಚ್ಚು ಓದಿದ್ದರು; ಪ್ರೌಢಶಾಲೆ ಮುಗಿಸಿದವರ ಪ್ರಮಾಣವೂ ಮೇಲಿತ್ತು. ಇಲ್ಲಿ ನನ್ನ ಗಮನ ಸೆಳೆದದ್ದು ಅವಧಿ. ಈ ಮಕ್ಕಳಿಗೆ ದುಡ್ಡು ಒಂದು ಸಲ ಬಂದು ನಿಂತಿರಲಿಲ್ಲ, ವರ್ಷಗಟ್ಟಲೆ ತಿಂಗಳು ತಪ್ಪದೆ ಬಂದಿತ್ತು. ಫೋಟೋದ ಮೋಹಕ್ಕೆ ಬಿದ್ದು ಶುರುಮಾಡಿದವರು ಅಭ್ಯಾಸಬಲದಿಂದ ಮುಂದುವರಿಸಿದ್ದರು. ಬ್ಯಾಂಕಿನ ಕಂಪ್ಯೂಟರಿಗೆ ಬೇಸರವಾಗುವುದಿಲ್ಲವಲ್ಲ.

ಬೇಸರವಾಗದ ದಾನವನ್ನು ಕಂಪ್ಯೂಟರಿಗಿಂತ ಬಹಳ ಮೊದಲೇ ಕಂಡುಕೊಂಡವರಿದ್ದಾರೆ. ಅದರ ಒಂದು ಎಳೆ ನೇರವಾಗಿ ಮಂಗಳೂರಿಗೆ ಬಂದು ತಗಲುತ್ತದೆ.

ಫ್ರಾನ್ಸಿನ ಲಿಯಾನ್ ನಗರದ ರೇಷ್ಮೆ ಮನೆತನದ ಪೊಲೀನ್ ಜರಿಕೊ ಎಂಬಾಕೆ 1820ರ ಸುಮಾರಿಗೆ ಒಂದು ಏರ್ಪಾಟು ಹೂಡಿದರು. ಹತ್ತು ಜನರ ಗುಂಪು, ತಲೆಗೆ ವಾರಕ್ಕೊಂದು ಸೂ ಎಂಬ ಪುಡಿಕಾಸು, ಗುಂಪಿಗೊಬ್ಬರು ವಸೂಲಿ ಮಾಡುವವರು. ಆ ಕಾಸು ದೂರದೇಶದ ಮಿಷನ್ನುಗಳಿಗೆ. 1855ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಕಾರ್ಲ್ ಸರಾಸಿನ್ ಅಂಥದ್ದೇ ಒಂದನ್ನು ಬಾಸೆಲ್ ಮಿಷನ್ನಿಗಾಗಿ ಶುರುಮಾಡಿದರು. ಆತನೂ ರೇಷ್ಮೆ ಪಟ್ಟಿಯ ಕಾರ್ಖಾನೆಯವನು. ಎಳೆ ಎಳೆ ಸೇರಿ ಬಟ್ಟೆಯಾಗುವುದನ್ನು ದಿನವೂ ನೋಡುತ್ತಿದ್ದವರಿಗೆ ಇದು ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ. ಅದರ ಹೆಸರು ಹಾಲ್ಬ್‌ಬಾಟ್ಸನ್ ಕೊಲೆಕ್ಟೆ, ಅಂದರೆ ಅರೆಬಾಟ್ಸನ್ ವಂತಿಗೆ. ಬಾಟ್ಸನ್ ಅಲ್ಲಿಯ ಹಳೆಯ ನಾಣ್ಯ. ಅದರ ಅರ್ಧವೆಂದರೆ ಐದು ರಾಪನ್. ವಾರಕ್ಕೆ ಅಷ್ಟೇ. ಮನೆಗೆಲಸದವಳೂ ಕೊಡಬಹುದಾದ ಮೊತ್ತ.

1834ರಲ್ಲಿ ಮಂಗಳೂರಿಗೆ ಬಂದಿಳಿದಿದ್ದ ಬಾಸೆಲ್ ಮಿಷನ್ನಿನ ಶಾಲೆಗಳು, ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳ ಕೇಂದ್ರಗಳು, ಮುದ್ರಣಾಲಯ, ಎಲ್ಲದರ ಹಿಂದೆಯೂ ಇಂಥ ಪುಡಿಕಾಸಿನ ಸದ್ದಿದೆ. 1843ರಲ್ಲಿ ಮೊಗ್ಲಿಂಗ್ ಹೊರಡಿಸಿದ ಮಂಗಳೂರ ಸಮಾಚಾರವನ್ನೂ 1894ರಲ್ಲಿ ಹೊರಬಂದ ಕಿಟೆಲ್ಲರ ನಿಘಂಟನ್ನೂ ಕೊಂಡಾಡುವ ನಾವು, ಅವರ ಊಟದ ಖರ್ಚನ್ನು ತೂಗಿಸಿದ ಪುಡಿಕಾಸಿನ ದಾನಿಗಳ ಹೆಸರು ಕೇಳುವುದಿಲ್ಲ. ಕೇಳಿದರೂ ಸಿಗದು, ಐದು ರಾಪನ್‌ಗೆ ಕಲ್ಲಿನ ಮೇಲೆ ಹೆಸರು ಕೆತ್ತುವುದಿಲ್ಲ. ಆ ಹಣದ ಹಿಂದೆ ಮತಾಂತರದ ಉದ್ದೇಶವಿತ್ತು ಎಂಬುದು ಗುಟ್ಟೇನಲ್ಲ. ಕೊಟ್ಟವರು ಅದಕ್ಕಾಗಿಯೇ ಕೊಟ್ಟರು. ಪಡೆದವರಲ್ಲಿ ಎಷ್ಟೋ ಜನ ಅಕ್ಷರವನ್ನು ತೆಗೆದುಕೊಂಡು ಮಿಕ್ಕದ್ದನ್ನು ಅಲ್ಲೇ ಬಿಟ್ಟು ಬಂದರು. ದಾನ ಕೊಟ್ಟವನ ಇಚ್ಛೆಯಂತೆಯೇ ಬೆಳೆಯಬೇಕೆಂಬ ನಿಯಮ ಇಲ್ಲವಲ್ಲ.

ಮಿಷನ್ನಿನವರಿಗೆ ಜೋಳಿಗೆಯೊಂದನ್ನೇ ನಂಬುವುದು ಅಪಾಯವೆಂದು ಬೇಗ ಹೊಳೆದಿತ್ತು. ನೇಯ್ಗೆ ಶುರುಮಾಡಿದರು, 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಕರಾವಳಿಯ ಮನೆಗಳ ಮೇಲೆ ಇವತ್ತಿಗೂ ಕೆಂಪಗೆ ಕಾಣುವ ಆ ಹಂಚಿನ ಹಿಂದೆ ಸ್ವಾವಲಂಬನೆಯ ಈ ಲೆಕ್ಕಾಚಾರವೂ ಇದೆ. ಅಷ್ಟರಲ್ಲಿ 1914ರ ಯುದ್ಧ ಬಂತು. ಜರ್ಮನ್ ಪಾದ್ರಿಗಳನ್ನು ಬ್ರಿಟಿಷರು ಬಂಧನಶಿಬಿರಕ್ಕೆ ಅಟ್ಟಿದರು, ಕಾರ್ಖಾನೆಗಳು ಬೇರೆಯವರ ಪಾಲಾದವು, ಬಾಸೆಲಿನ ಕಾಸಿನ ದಾರಿ ಮುಚ್ಚಿತು. ಶಾಲೆಗಳಲ್ಲಿ ಹಲವು ಉಳಿದುಕೊಂಡವು. ಉಳಿದದ್ದು ಇಲ್ಲಿಯ ಮೇಷ್ಟ್ರುಗಳು, ಇಲ್ಲಿಯ ಸಭೆಗಳು ಹೆಗಲು ಕೊಟ್ಟದ್ದರಿಂದ.

ಇನ್ನು, ದುಡ್ಡು ತಪ್ಪದೆ ಬಂತೆನ್ನಿ, ಅದರಲ್ಲಿ ಕೊಳ್ಳುವುದೇನನ್ನು? ದಾನಿಗಳ ಮನಸ್ಸಿನಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ: ಪುಸ್ತಕ. 1990ರ ದಶಕದಲ್ಲಿ ಕೆನ್ಯಾದ ಪಶ್ಚಿಮ ತುದಿಯ ಬೂಸಿಯಾ ಜಿಲ್ಲೆಯಲ್ಲಿ ಡಚ್ ಮೂಲದ ಒಂದು ಸೇವಾಸಂಸ್ಥೆ ಶಾಲೆಗಳಿಗೆ ಪಠ್ಯಪುಸ್ತಕ ಹಂಚಲು ಹೊರಟಿತ್ತು. ಒಂದೇ ಸಲ ಎಲ್ಲ ಶಾಲೆಗೂ ಕೊಡಲು ದುಡ್ಡಿಲ್ಲ. ಹಿಂದೆ ಅದೇ ದೇಶದಲ್ಲಿ ಪಾಠ ಹೇಳಿದ್ದ ಮೈಕೆಲ್ ಕ್ರೆಮರ್ ಎಂಬ ಅರ್ಥಶಾಸ್ತ್ರಜ್ಞ, ಹೇಗೂ ಸರದಿಯಲ್ಲಿ ಕೊಡುತ್ತೀರಿ, ಚೀಟಿ ಎತ್ತಿ ಕೊಡಿ, ಸಿಕ್ಕ ಶಾಲೆಯನ್ನೂ ಸಿಗದ ಶಾಲೆಯನ್ನೂ ಹೋಲಿಸೋಣ ಎಂದರು. ಫಲಿತಾಂಶ ಯಾರಿಗೂ ಖುಷಿ ಕೊಡಲಿಲ್ಲ. ಮೊದಲೇ ಜಾಣರಾಗಿದ್ದ ಕೆಲವು ಮಕ್ಕಳ ಅಂಕ ಏರಿತು, ಉಳಿದವರದು ಇದ್ದಲ್ಲೇ ಇತ್ತು. ಪುಸ್ತಕ ಇದ್ದದ್ದು ಇಂಗ್ಲಿಷಿನಲ್ಲಿ, ಮನೆಮಾತು, ಸ್ವಾಹಿಲಿ ದಾಟಿ ಆ ಮಕ್ಕಳಿಗೆ ಸಿಗುತ್ತಿದ್ದ ಮೂರನೆಯ ಭಾಷೆಯಲ್ಲಿ. ಗೋಡೆಗೆ ತೂಗುಹಾಕುವ ಚಿತ್ರಪಟಗಳನ್ನು ಕೊಟ್ಟು ನೋಡಿದರು. ಅದರಿಂದ ಏನೂ ಆಗಲಿಲ್ಲ. ಆಮೇಲೆ ಜಂತುಹುಳದ ಮಾತ್ರೆ ಕೊಟ್ಟಾಗ ಮಕ್ಕಳ ಗೈರುಹಾಜರಿ ಸುಮಾರು ಕಾಲುಭಾಗ ಇಳಿಯಿತು. ಉಚಿತ ಸಮವಸ್ತ್ರ ಕೊಟ್ಟಾಗಲೂ ಮಕ್ಕಳು ಹೆಚ್ಚು ಬಂದರು. ಮಾತ್ರೆಯ ಲೆಕ್ಕದ ಬಗ್ಗೆ ವಿದ್ವಾಂಸರು 2015ರಲ್ಲಿ ಮತ್ತೆ ಕಚ್ಚಾಡಿಕೊಂಡರು, ಆ ಜಗಳ ಇನ್ನೂ ಪೂರ್ತಿ ತಣಿದಿಲ್ಲ. ಕ್ರೆಮರ್‌ಗೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ದುಫ್ಲೋ ಜೊತೆ 2019ರ ನೊಬೆಲ್ ಬಂತು.

ಜಂತುಹುಳದ ಮಾತ್ರೆಗೆ ದುಡ್ಡು ಕೇಳುವ ಡಬ್ಬಿಯನ್ನು ನಾನು ಯಾವ ಮೇಜಿನ ಮೇಲೂ ನೋಡಿಲ್ಲ. ಅದರ ಮೇಲೆ ಯಾವ ಫೋಟೋ ಅಂಟಿಸುತ್ತಾರೆ?

ಬೂಸಿಯಾದ ಪುಸ್ತಕದ ಕಥೆ ನಮ್ಮನ್ನು ಅರೂಷಾಕ್ಕೆ ಹಿಂತಿರುಗಿಸುತ್ತದೆ. ಟಾಂಜಾನಿಯಾದ ಸರ್ಕಾರಿ ಪ್ರಾಥಮಿಕ ಶಾಲೆಯ ಪಾಠ ಸ್ವಾಹಿಲಿಯಲ್ಲಿ, ಪ್ರೌಢಶಾಲೆಯ ಪಾಠ ಇಂಗ್ಲಿಷಿನಲ್ಲಿ. ಏಳು ವರ್ಷ ಒಂದು ಭಾಷೆಯಲ್ಲಿ ಲೆಕ್ಕ ಕಲಿತ ಮಗು ಎಂಟನೆಯ ವರ್ಷ ಏಕಾಏಕಿ ಬೇರೆ ಭಾಷೆಯಲ್ಲಿ ಬೀಜಗಣಿತ ಬಿಡಿಸಬೇಕು. ಆ ಹೊಸ್ತಿಲಲ್ಲಿ ಎಡವುವವರು ಬಡವರೇ. ಸಂತ ಜೂಡನ ಶಾಲೆ ಮೊದಲಿನಿಂದಲೇ ಇಂಗ್ಲಿಷ್ ಮಾಧ್ಯಮ. ಅದರ ಆಕರ್ಷಣೆಯ ಒಂದು ಗುಟ್ಟು ಅಲ್ಲಿಯೇ ಇದೆ. ನಮ್ಮ ಕರ್ನಾಟಕದಲ್ಲಿ ಮಾಧ್ಯಮದ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ 2014ರಲ್ಲಿ ತೀರ್ಪಾದ ಕಥೆ ಗೊತ್ತಿದ್ದವರಿಗೆ ಆ ಶಾಲೆಯ ಸೀಟಿಗಾಗಿ ಅರೂಷಾದ ತಾಯಂದಿರು ನಿಲ್ಲುವ ಸಾಲು ಅರ್ಥವಾಗಲು ಹೊತ್ತು ಹಿಡಿಯುವುದಿಲ್ಲ.

ಸಾಲು ನಿಜಕ್ಕೂ ಉದ್ದದ್ದು. ಇರುವ ಸೀಟುಗಳಿಗೆ ಎಷ್ಟೋ ಪಟ್ಟು ಮಕ್ಕಳು ಬರುತ್ತಾರೆ. ಮೊದಲು ಓದಿನ ಪರೀಕ್ಷೆ, ಆಮೇಲೆ ಬಡತನದ ಪರೀಕ್ಷೆ. ಶಾಲೆಯವರು ಮನೆಗೇ ಹೋಗಿ ಸೂರು, ನೆಲ, ಮನೆಯಲ್ಲಿ ಏನಿದೆ ಏನಿಲ್ಲ ಎಂದು ನೋಡುತ್ತಾರೆ. ಮೋಸ ತಪ್ಪಿಸಲು ಇದು ಬೇಕೇ ಬೇಕು. ಉಚಿತ ಎಂದ ಕಡೆ ಉಳ್ಳವರೂ ಹರಿದ ಅಂಗಿ ತೊಟ್ಟು ಬರುತ್ತಾರೆ. ಆದರೂ, ಬಡತನ ಸಾಲದೆಂದು ವಾಪಸು ಕಳಿಸಿದ ಮನೆಯಲ್ಲಿ ಆ ಸಂಜೆ ಏನು ಮಾತಾಡಿಕೊಂಡಿರಬಹುದು ಎಂಬ ಯೋಚನೆ ನನಗೆ ಬರುತ್ತದೆ. ಆಯ್ಕೆಯಾದ ಮಗು ಜಾಣ ಮಗು. ಬೂಸಿಯಾದಲ್ಲಿ ಪುಸ್ತಕದಿಂದ ಲಾಭ ಪಡೆದ ಮಗುವೂ ಅದೇ. ದೂರದ ಜೋಳಿಗೆ ಕೂಡ ಕೊನೆಗೆ ಹುಡುಕುವುದು ಬೇಗ ಫಲ ತೋರಿಸುವ ಗಿಡವನ್ನೇ.

ಇದರ ಎದುರಿಗೆ ಸರ್ಕಾರವೊಂದು ಸಹಿ ಹಾಕಿದರೆ ಏನಾಗುತ್ತದೆ ನೋಡಿ. ಜೂಲಿಯಸ್ ನ್ಯೆರೆರೆ ವೃತ್ತಿಯಿಂದ ಮೇಷ್ಟ್ರು. ಟಾಂಜಾನಿಯಾದ ಅಧ್ಯಕ್ಷರಾದ ಮೇಲೂ ಜನ ಅವರನ್ನು ಕರೆದದ್ದು ಮ್ವಾಲಿಮು, ಅಂದರೆ ಗುರು ಎಂದೇ. 1967ರಲ್ಲಿ ಅವರು ಹೊರಡಿಸಿದ ಪ್ರಸಿದ್ಧ ಘೋಷಣೆಗೆ ಅರೂಷಾದ್ದೇ ಹೆಸರು. ಪರದೇಶದ ದುಡ್ಡನ್ನು ನೆಚ್ಚಿ ದೇಶ ಕಟ್ಟಲಾಗದು, ಸ್ವಂತ ಕಾಲ ಮೇಲೆ ನಿಲ್ಲಬೇಕು ಎಂಬುದು ಅದರ ತಿರುಳು. ಎಪ್ಪತ್ತರ ದಶಕದ ಕೊನೆಗೆ ಅವರ ಸರ್ಕಾರ ಹೆಚ್ಚೂಕಡಿಮೆ ಎಲ್ಲ ಮಕ್ಕಳನ್ನೂ ಪ್ರಾಥಮಿಕ ಶಾಲೆಗೆ ತಂದಿತು. ಎಂಬತ್ತರ ದಶಕದಲ್ಲಿ ಖಜಾನೆ ಬರಿದಾಗಿ ಸಾಲ ಕೊಟ್ಟವರ ಷರತ್ತು ಬಂದಾಗ ಶುಲ್ಕ ಮತ್ತೆ ಬಂತು, ಮಕ್ಕಳು ಶಾಲೆ ಬಿಟ್ಟರು. 2001-02ರಲ್ಲಿ ಪ್ರಾಥಮಿಕ ಶುಲ್ಕ ರದ್ದಾದಾಗ ಲಕ್ಷಗಟ್ಟಲೆ ಮಕ್ಕಳು ಒಮ್ಮೆಲೇ ನುಗ್ಗಿದರು. 2016ರಿಂದ ಪ್ರೌಢಶಾಲೆಯ ಮೊದಲ ನಾಲ್ಕು ವರ್ಷವೂ ಶುಲ್ಕರಹಿತ. ಸ್ವಾವಲಂಬನೆಯ ಘೋಷಣೆ ಹೊರಟ ಊರಿನಲ್ಲೇ ಆಸ್ಟ್ರೇಲಿಯಾದ ಸಾಸೇಜಿನ ಕಾಸಿನಿಂದ ಶಾಲೆ ನಡೆಯುವುದನ್ನು ಕಂಡು ನಗುವವರು ನಗಬಹುದು. ಶುಲ್ಕ ರದ್ದಾದ ಸರ್ಕಾರಿ ಶಾಲೆಯ ತರಗತಿಯೊಳಗೆ ಬೆಂಚಿಗೆ ಐದು ಮಕ್ಕಳು ಒತ್ತಿ ಕೂತದ್ದನ್ನು ಕಂಡವರು ನಗಲಾರರು. ಅಲ್ಲಿಯೂ ಸಾಲದೇ ಹೋದದ್ದು ಮೇಷ್ಟ್ರುಗಳೇ.

ನೆರೆಯ ಕೆನ್ಯಾ ಇನ್ನೊಂದು ದಾರಿ ತುಳಿಯಿತು. 1963ರಲ್ಲಿ ಸ್ವಾತಂತ್ರ್ಯ ಬಂದಾಗ ಜೋಮೊ ಕೆನ್ಯಾಟಾ ಕೊಟ್ಟ ಕೂಗು ಹರಾಂಬೀ, ಎಲ್ಲ ಸೇರಿ ಎಳೆಯೋಣ ಎಂಬ ಅರ್ಥದ್ದು. ಊರವರು ತಾವೇ ಕೋಳಿ ಹರಾಜು ಹಾಕಿ, ಕಾಫಿ ಬೆಳೆಯ ದುಡ್ಡು ಹಾಕಿ, ಪ್ರೌಢಶಾಲೆ ಕಟ್ಟಿದರು. ಹತ್ತು ವರ್ಷದೊಳಗೆ ಇಂಥ ಶಾಲೆಗಳು ಸರ್ಕಾರಿ ಪ್ರೌಢಶಾಲೆಗಳ ಸಂಖ್ಯೆಯನ್ನೇ ಮೀರಿದವು. ಆದರೆ ಇಲ್ಲಿಯೂ ಅದೇ ರೋಗ: ಗೋಡೆ ಎದ್ದಿತು, ತರಬೇತಾದ ಶಿಕ್ಷಕರು ಬರಲಿಲ್ಲ. ಕಟ್ಟಿ ಮುಗಿಸಿ, ಇನ್ನು ಸರ್ಕಾರ ವಹಿಸಿಕೊಳ್ಳಲಿ ಎಂದು ಕೂತ ಊರುಗಳೆಷ್ಟೋ. ಮುಂದೆ ರಾಜಕಾರಣಿಗಳು ಹರಾಂಬೀ ಸಭೆಗೆ ಬಂದು ನೋಟಿನ ಕಂತೆ ಎತ್ತಿ ತೋರಿಸಿ ಕೊಡುವುದು ಎಷ್ಟು ಅತಿಯಾಯಿತೆಂದರೆ, 2003ರಲ್ಲಿ ಅದಕ್ಕೆ ಕಡಿವಾಣ ಹಾಕಲು ಕಾನೂನೇ ಬೇಕಾಯಿತು.

ಗೋಡೆಯ ಮೋಹ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಗ್ರೆಗ್ ಮಾರ್ಟೆನ್‌ಸನ್ ಕಥೆ ಸಾಕು. ಪಾಕಿಸ್ತಾನ, ಅಫ್ಘಾನಿಸ್ತಾನದ ಗುಡ್ಡಗಾಡಿನಲ್ಲಿ ಶಾಲೆ ಕಟ್ಟಿದ ಸಾಹಸವನ್ನು ಹೇಳುವ ಅವರ ಥ್ರೀ ಕಪ್ಸ್ ಆಫ್ ಟೀ 2006ರಲ್ಲಿ ಬಂದು ಲಕ್ಷಾಂತರ ಪ್ರತಿ ಮಾರಾಟವಾಯಿತು. ಅಮೆರಿಕದ ಶಾಲಾಮಕ್ಕಳು ಪೆನ್ನಿ ಪೆನ್ನಿ ಕೂಡಿಸಿ ಅವರ ಸಂಸ್ಥೆಗೆ ಕಳಿಸಿದರು. 2011ರ ಏಪ್ರಿಲಿನಲ್ಲಿ ಒಂದು ಟಿವಿ ತನಿಖೆ ಮತ್ತು ಲೇಖಕ ಜಾನ್ ಕ್ರಾಕವರ್ ಅವರ ಬರಹ, ಪುಸ್ತಕದ ಮುಖ್ಯ ಪ್ರಸಂಗಗಳನ್ನೇ ಪ್ರಶ್ನಿಸಿದವು. ಕಟ್ಟಿದೆವೆಂದ ಶಾಲೆಗಳಲ್ಲಿ ಕೆಲವು ಖಾಲಿ ಬಿದ್ದಿದ್ದವು. ಮೊಂಟಾನಾ ರಾಜ್ಯದ ಅಟಾರ್ನಿ ಜನರಲ್ ತನಿಖೆ ನಡೆಸಿದ ಮೇಲೆ, ಮಾರ್ಟೆನ್‌ಸನ್ ಹತ್ತು ಲಕ್ಷ ಡಾಲರಿನಷ್ಟನ್ನು ಸಂಸ್ಥೆಗೆ ಹಿಂತಿರುಗಿಸುವಂತೆ 2012ರಲ್ಲಿ ಒಪ್ಪಂದವಾಯಿತು. ದುಡ್ಡಿನ ಅಕ್ರಮಕ್ಕಿಂತ ಆ ಖಾಲಿ ಕಟ್ಟಡಗಳೇ ನನ್ನ ಮನಸ್ಸಿನಲ್ಲಿ ಉಳಿದವು. ಅವುಗಳ ಗೋಡೆ ಸುಳ್ಳಲ್ಲ. ಒಳಗೆ ನಿಲ್ಲುವವರಿಗೆ ಯಾರೂ ತಿಂಗಳು ತಿಂಗಳು ಕೊಡಲಿಲ್ಲ, ಅಷ್ಟೇ.

ಅನಾಥಾಲಯಗಳ ವ್ಯವಹಾರ ಇನ್ನೂ ಕರಾಳ. ನೇಪಾಳ, ಕಾಂಬೋಡಿಯಾಗಳಲ್ಲಿ ವಿದೇಶಿ ದಾನಕ್ಕಾಗಿಯೇ ಅನಾಥಾಲಯಗಳು ಹುಟ್ಟಿಕೊಂಡವು. ಅಲ್ಲಿಯ ಬಹುಪಾಲು ಮಕ್ಕಳ ತಂದೆಯೋ ತಾಯಿಯೋ ಬದುಕಿದ್ದಾರೆ. ಆಸ್ಟ್ರೇಲಿಯಾದ ಸಂಸತ್ತು 2018ರ ಆಧುನಿಕ ಗುಲಾಮಗಿರಿ ಕಾಯ್ದೆಯ ಚರ್ಚೆಯಲ್ಲಿ ಇದನ್ನೂ ಸೇರಿಸಿಕೊಂಡಿತು.

ಪಡೆಯುವ ದೇಶದ ಕಾನೂನಿಗೆ ಬಂದರೆ, ನಾವೇ ಪಡೆಯುವವರ ಸಾಲಿನಲ್ಲಿ ನಿಲ್ಲುತ್ತೇವೆ. ಅಮೆರಿಕದಲ್ಲಿರುವ ನಮ್ಮವರು ಭಾರತದ ಬಡಮಕ್ಕಳ ಓದಿಗಾಗಿ ಮ್ಯಾರಥಾನ್ ಓಡಿ ದುಡ್ಡು ಕೂಡಿಸುತ್ತಾರೆ. 1991ರಲ್ಲಿ ಬರ್ಕ್ಲಿಯ ವಿದ್ಯಾರ್ಥಿಗಳು ಕಟ್ಟಿದ ಆಶಾ ಫಾರ್ ಎಜುಕೇಷನ್ ಇದಕ್ಕೆ ಹೆಸರುವಾಸಿ. ಆ ದುಡ್ಡು ಇಲ್ಲಿಗೆ ಇಳಿಯಬೇಕಾದರೆ ವಿದೇಶಿ ವಂತಿಗೆ ಕಾಯ್ದೆಯ ನೋಂದಣಿ ಬೇಕು. ತುರ್ತುಪರಿಸ್ಥಿತಿಯ 1976ರಲ್ಲಿ ಬಂದ ಕಾಯ್ದೆ 2010ರಲ್ಲಿ ಹೊಸದಾಯಿತು, 2020ರ ಸೆಪ್ಟೆಂಬರಿನಲ್ಲಿ ಇನ್ನಷ್ಟು ಬಿಗಿಯಾಯಿತು. ದುಡ್ಡು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಗೇ ಬರಬೇಕು. ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವಂತಿಲ್ಲ. ಆಡಳಿತದ ಖರ್ಚು ನೂರಕ್ಕೆ ಐವತ್ತು ಇದ್ದದ್ದು ಇಪ್ಪತ್ತಕ್ಕಿಳಿಯಿತು. ದೊಡ್ಡ ಸಂಸ್ಥೆಯಿಂದ ಪಡೆದು ಹಳ್ಳಿಯಲ್ಲಿ ಸಂಜೆಶಾಲೆ ನಡೆಸುತ್ತಿದ್ದ ಪುಟ್ಟ ಗುಂಪುಗಳಿಗೆ ಎರಡನೆಯ ಷರತ್ತಿನ ಪೆಟ್ಟು ಜೋರಾಗಿಯೇ ತಗಲಿತು. ಇಷ್ಟು ಬಿಗಿಯಾದ ಕಾನೂನಿನ ನಿಯಮಾವಳಿಯಲ್ಲೂ ಒಂದು ಮಾತು ಸ್ಪಷ್ಟವಾಗಿದೆ: ಶಾಲೆಯ ಶಿಕ್ಷಕರ ಸಂಬಳ, ಆಸ್ಪತ್ರೆಯ ವೈದ್ಯರ ಸಂಬಳ ಆಡಳಿತದ ಖರ್ಚಲ್ಲ. ಮೇಷ್ಟ್ರೇ ಶಾಲೆ ಎಂಬುದು ಸರ್ಕಾರಿ ಗುಮಾಸ್ತನಿಗೆ ಹೊಳೆದಿದೆ, ದಾನಿಗೆ ಹೊಳೆದಿಲ್ಲ. "ನನ್ನ ದುಡ್ಡಿನಲ್ಲಿ ಸಂಬಳಕ್ಕೆ ಎಷ್ಟು ಹೋಗುತ್ತದೆ?" ಎಂದು ಅನುಮಾನದಿಂದ ಕೇಳುವುದು ಈಗ ಜಾಣತನವಾಗಿಬಿಟ್ಟಿದೆ.

ಅರೂಷಾದ ಶಾಲೆ ಈ ಗಂಟನ್ನು ತನ್ನದೇ ರೀತಿಯಲ್ಲಿ ಸಡಿಲಿಸಲು ನೋಡಿದೆ. ಅಲ್ಲಿ ಪಾಠ ಹೇಳುವವರು, ಆಡಳಿತ ನೋಡುವವರು ಬಹುಮಟ್ಟಿಗೆ ಟಾಂಜಾನಿಯಾದವರೇ. 2015ರಲ್ಲಿ ಮೊದಲ ತಂಡ ಪ್ರೌಢಶಿಕ್ಷಣದ ಕೊನೆಯ ವರ್ಷ ಮುಗಿಸಿ ಹೊರಬಂತು. ಹೀಗೆ ಮುಗಿಸಿದವರು ವಿಶ್ವವಿದ್ಯಾಲಯಕ್ಕೆ ಹೋಗುವ ಮುನ್ನ ಒಂದು ವರ್ಷ ಸಮಾಜಸೇವೆ ಮಾಡುತ್ತಾರೆ, ಅವರಲ್ಲಿ ಎಷ್ಟೋ ಜನ ಗಣಿತ, ವಿಜ್ಞಾನದ ಶಿಕ್ಷಕರಿಲ್ಲದ ಸರ್ಕಾರಿ ಶಾಲೆಗಳಲ್ಲಿ ಪಾಠ ಹೇಳುತ್ತಾರೆ. ಸಾಲಿನಿಂದ ವಾಪಸು ಹೋದ ಮಕ್ಕಳು ಕೂತಿರುವುದು ಅಂಥ ತರಗತಿಗಳಲ್ಲೇ. ಹತ್ತೊಂಬತ್ತು, ಇಪ್ಪತ್ತರ ಹುಡುಗ ಹುಡುಗಿಯರು ತುಂಬಿದ ತರಗತಿಯೆದುರು ಸೀಮೆಸುಣ್ಣ ಹಿಡಿದು ನಿಲ್ಲುವುದು ಪೂರ್ತಿ ಪರಿಹಾರವೆಂದು ನಾನು ಹೇಳಲಾರೆ. ಆದರೆ ಈ ಇಡೀ ಕಥೆಯಲ್ಲಿ ಜೋಳಿಗೆಯ ದುಡ್ಡು ಗೋಡೆ ದಾಟಿ ಪಕ್ಕದ ಶಾಲೆಯ ಕರಿಹಲಗೆಗೆ ತಲುಪಿದ್ದು ನನಗೆ ಕಂಡದ್ದು ಇಲ್ಲೊಂದೇ ಕಡೆ.

ಮೆಲ್ಬರ್ನಿನ ಆ ಸಂಜೆ ಗಣಿತದ ಮೇಡಂ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿ, ನಾಣ್ಯಗಳನ್ನು ಹತ್ತು ಹತ್ತರ ಕಂಬ ಮಾಡಿ ಎಣಿಸಿದರು. ಬ್ರೆಡ್ಡು, ಎಣ್ಣೆ, ಸಾಸೇಜಿನ ಖರ್ಚು ಕಳೆದು ಸಾವಿರ ಡಾಲರಿನ ಆಸುಪಾಸು ಉಳಿದಿತ್ತು. ನನ್ನ ಬೆರಳುಗಳಿಂದ ಈರುಳ್ಳಿ ವಾಸನೆ ಎರಡು ದಿನ ಹೋಗಲಿಲ್ಲ. ನಿಮ್ಮಲ್ಲಿ ಹೇಗೆ ಕೂಡಿಸುತ್ತೀರಿ ಎಂದು ಅವರು ಕೇಳಿದಾಗ ಮುಷ್ಟಿ ಅಕ್ಕಿಯ ಕಥೆ ಹೇಳಿದೆ. ಅವರಿಗೆ ಬಹಳ ಹಿಡಿಸಿತು, ಪುಸ್ತಕದಲ್ಲಿ ಬರೆದುಕೊಂಡರು.

ಇನ್ನೊಂದು ಕಥೆಯನ್ನು ಹೇಳಲಿಲ್ಲ. ನಾನು ಓದಿದ ಊರಿನ ಸರ್ಕಾರಿ ಶಾಲೆಯ ಹಳೆಯ ವಿದ್ಯಾರ್ಥಿಗಳೆಲ್ಲ ಕೆಲವು ವರ್ಷದ ಹಿಂದೆ ವಾಟ್ಸ್ಯಾಪಿನಲ್ಲಿ ಒಂದಾದೆವು. ದುಬೈಯಿಂದ, ಬೆಂಗಳೂರಿನಿಂದ, ಟೆಕ್ಸಸ್ಸಿನಿಂದ ದುಡ್ಡು ಬಂತು. ಆ ವರ್ಷ ಶಾಲೆಗೆ ಗಣಿತಕ್ಕಿದ್ದವರು ಒಬ್ಬ ಅತಿಥಿ ಶಿಕ್ಷಕಿ. ಗೌರವಧನ ತಿಂಗಳುಗಟ್ಟಲೆ ಬಾರದೆ, ಬಸ್ ಚಾರ್ಜಿಗೂ ಕಷ್ಟವಾಗಿ, ಆಕೆ ದೀಪಾವಳಿ ರಜೆಯ ನಂತರ ಬರಲಿಲ್ಲ. ಗುಂಪಿನಲ್ಲಿ ಯಾರೋ ಆ ವಿಷಯ ಹಾಕಿದ್ದರು. ಅದರ ಕೆಳಗೆ ಕೈಮುಗಿಯುವ ಚಿತ್ರ ಹಾಕಿದವರಲ್ಲಿ ನಾನೂ ಒಬ್ಬ. ಕೂಡಿದ ದುಡ್ಡಿನಲ್ಲಿ ನಾವು ಶಾಲೆಯ ಬಾಗಿಲಿಗೆ ಸ್ವಾಗತ ಕಮಾನು ಕಟ್ಟಿಸಿದೆವು. ಅದರ ಬಲಗಂಬದಲ್ಲಿ, ಮೇಲಿನಿಂದ ಹನ್ನೊಂದನೆಯ ಸಾಲಿನಲ್ಲಿ, ನನ್ನ ಹೆಸರಿದೆ. ಅಕ್ಷರಕ್ಕೆ ಬಂಗಾರದ ಬಣ್ಣ ಬಳಿದಿದ್ದಾರೆ.